ಸಿಡುಕಿನ ಕರುಳು

ನನಗೆ ಶಿಕ್ಷಕಿಯ ನೌಕರಿಯ ಆದೇಶ ಬಂದಾಗ ಇಪ್ಪತ್ತೊಂದು ವರ್ಷ. ಎಪ್ಪತ್ತರ ದಶಕ ಅರ್ಧ ದಾಟಿತ್ತು. ಬಬಲೇಶ್ವರದ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆ. ಅಪ್ಪ ಆ ಕಾಗದವನ್ನು ವಿಜಾಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿದ್ದ ತನ್ನ ಹೊಲಿಗೆ ಅಂಗಡಿಗೆ ಒಯ್ದು, ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದ. ಅವ್ವ ಶಿರಾ ಮಾಡಿದಳು. ನಾನು ಶಿರಾ ತಿಂದೆ, ಹಾಜರಾಗಬೇಕಾದ ದಿನವನ್ನು ನೆನೆಸಿಕೊಂಡೆ, ಎದ್ದು ಹಿತ್ತಲಿಗೆ ಓಡಿದೆ. ಆಗ ನಾವಿದ್ದ ವಾಡೆಯಲ್ಲಿ ನಾಲ್ಕು ಮನೆಗಳಿಗೆ ಒಂದೇ ಪಾಯಖಾನೆ. ಅದೃಷ್ಟಕ್ಕೆ ಖಾಲಿ ಇತ್ತು.

ಹೊಟ್ಟೆ ಹೀಗೆ ಮಾಡಿದ್ದು ಅದೇ ಮೊದಲಲ್ಲ. ಪರೀಕ್ಷೆಗಳ ದಿನಗಳಲ್ಲೂ ಮಾಡಿತ್ತು. ಆದರೆ ಪರೀಕ್ಷೆ ಮುಗಿದರೆ ಹೊಟ್ಟೆಯ ಗಲಾಟೆಯೂ ಮುಗಿಯುತ್ತಿತ್ತು. ನೌಕರಿ ಹಾಗೆ ಮುಗಿಯುವಂಥದ್ದಲ್ಲ. ಶಾಲೆಗೆ ಹೋಗಲು ಶುರುವಾದ ಮೇಲೆ ದಿನಾ ಬೆಳಗ್ಗೆ ಹೊಕ್ಕುಳದ ಕೆಳಗೆ, ಎಡಗಡೆ, ಯಾರೋ ಒದ್ದೆ ಸೀರೆ ಹಿಂಡಿದ ಹಾಗೆ ನುಲಿತ. ಹೋಗಿ ಬಂದರೆ ನೋವು ಇಳಿಯುತ್ತಿತ್ತು. ಸೀರೆಯ ನೆರಿಗೆ ಹಿಡಿಯುವಷ್ಟರಲ್ಲಿ ಮತ್ತೆ ಕರೆ. ಕೆಲವು ವಾರ ಎಲ್ಲ ತಿರುಗುಮುರುಗು: ಮೂರು ದಿನ ಏನೂ ಇಲ್ಲ, ಹೊಟ್ಟೆ ಮಾತ್ರ ತಮಟೆಯಂತೆ ಬಿಗಿ. ಭಾನುವಾರ ಬಂತೆಂದರೆ ನಾನು ಎಲ್ಲರಿಗಿಂತ ಆರೋಗ್ಯವಂತೆ. ಈ ಭಾನುವಾರದ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸಗಳ್ಳಿ ಅಂದಾರು ಎಂಬ ಅಂಜಿಕೆ.

ಅವ್ವ ಸುಮ್ಮನೆ ಕೂತವಳಲ್ಲ. ಓಣಿಯ ಒಬ್ಬ ಮುದುಕಿಯನ್ನು ಕರೆಸಿದಳು. ಆಕೆ ನನ್ನನ್ನು ಅಂಗಾತ ಮಲಗಿಸಿ, ಹೊಕ್ಕುಳದ ಮೇಲೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ, "ಬಟ್ಟಿ ಸರದೈತಿ" ಎಂದಳು. ಹೊಕ್ಕುಳ ತನ್ನ ಜಾಗ ಬಿಟ್ಟು ಜಾರಿದೆ ಎಂದು ಅದರ ಅರ್ಥ. ಎಣ್ಣೆ ಹಚ್ಚಿ ತಿಕ್ಕಿದಳು. ನಮ್ಮ ಕಡೆ ಅರಿವೆಗೂ ಬಟ್ಟಿ ಅನ್ನುತ್ತಾರಲ್ಲ, ಅಪ್ಪ ಬಾಗಿಲಲ್ಲಿ ನಿಂತು, "ಬಟ್ಟಿ ಸರದಿದ್ರ ಅಂಗಡಿಗೆ ಕಳಸ್ರಿ, ಎರಡು ಸೂಜಿ ಚುಚ್ಚಿ ನಿಲ್ಲಸ್ತೇನಿ" ಎಂದ. ಮುದುಕಿ ನಗಲಿಲ್ಲ. ನಾನು ನಕ್ಕು ಹೊಟ್ಟೆ ಕುಣಿಸಿದ್ದಕ್ಕೆ ಬೈಸಿಕೊಂಡೆ.

ಆಮೇಲೆ ಔಷಧದ ಅಂಗಡಿಯವರು ಆಮಶಂಕೆಯ ಗುಳಿಗೆ ಕೊಟ್ಟರು. ಬಾಯೆಲ್ಲ ತುಕ್ಕಿನ ರುಚಿ ಬಂತು, ಹೊಟ್ಟೆ ಮಾತ್ರ ಹಾಗೇ ಉಳಿಯಿತು. ಅವ್ವ ಖಾರ ನಿಲ್ಲಿಸಿದಳು. ಕೆಂಪು ಚಟ್ನಿ ಬಂದ್, ಮಿರ್ಚಿ ಭಜಿ ಬಂದ್. ತಂಪು ಎಂದು ಮೊಸರಿನಲ್ಲಿ ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ ದಿನಾ ಸಂಜೆ ತಿನ್ನಿಸಿದಳು. ಹೊಟ್ಟೆ ಇನ್ನಷ್ಟು ಉಬ್ಬಿತು. ಉಬ್ಬಿದಷ್ಟೂ ಆಕೆ ಇನ್ನಷ್ಟು ಉಳ್ಳಾಗಡ್ಡಿ ಹಾಕಿದಳು.

ನಿಜವಾದ ಕಷ್ಟ ಶಾಲೆಯಲ್ಲಿತ್ತು. ಮೂರು ಕೋಣೆ, ಒಂದು ಬೇವಿನ ಮರ, ಬಾಗಿಲ ಮುಂದೆ ಹಾದಿ. ಪಾಯಖಾನೆ ಇರಲಿಲ್ಲ. ಊರ ಹೆಂಗಸರು ನಸುಕಿನಲ್ಲಿ ನೀರಿನ ಚರಗಿ ಹಿಡಿದು ಬಯಲಕಡೆ ಹೋಗಿ ಬಂದರೆ ಮತ್ತೆ ಮುಸ್ಸಂಜೆಯವರೆಗೆ ತಡೆದುಕೊಳ್ಳಬೇಕು. ನಡುವೆ ಬೇಕಾದರೆ ಏನು ಮಾಡುವುದು ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ನಾನು ನನ್ನದೇ ಉಪಾಯ ಮಾಡಿಕೊಂಡೆ. ಬೆಳಗ್ಗೆ ಒಂದು ಲೋಟ ಚಹಾ ಬಿಟ್ಟರೆ ಏನೂ ಇಲ್ಲ. ಶಾಲೆಗೆ ಹೋಗುವ ಬಸ್ಸು ಸಾರವಾಡ ದಾಟುವಾಗ ಬಾಯಿ ಒಣಗಿದರೂ ನೀರಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಹುಡುಗಿಯರಿಗೆ ಹಂಚುತ್ತಿದ್ದೆ. ಶಾಲೆಯ ಅಕ್ಕೋರು ಬಹಳ ದೊಡ್ಡ ಮನಸ್ಸಿನವರು ಎಂದು ಊರಲ್ಲಿ ಹೆಸರಾಯಿತು. ಸಂಜೆ ಮನೆಗೆ ಬಂದು ಹಸಿದ ಎಮ್ಮೆಯ ಹಾಗೆ ತಿನ್ನುತ್ತಿದ್ದೆ. ಹೀಗೆ ಐದು ತಿಂಗಳು.

ಒಂದು ದಿನ ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ನನಗೆ ನಾಲ್ಕನೆಯ ತರಗತಿ, ಇಪ್ಪತ್ತಾರು ಹುಡುಗಿಯರು. ಸಾಹೇಬರು ಪಕ್ಕದ ಕೋಣೆಯಲ್ಲಿ ಹೆಡ್ ಮಾಸ್ತರರ ಜೊತೆ ಮಾತಾಡುವ ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು. ಆ ದನಿ ಒಂದೊಂದು ಹೆಜ್ಜೆ ಹತ್ತಿರ ಬಂದಂತೆ ನನ್ನ ಕರುಳು ಒಂದೊಂದು ಸುತ್ತು ಬಿಗಿಯಿತು. ಹಣೆಯಲ್ಲಿ ತಣ್ಣನೆಯ ಬೆವರು. ತಡೆಯುವುದು ಇನ್ನು ಸಾಧ್ಯವಿಲ್ಲ ಅನ್ನಿಸಿತು. ಫಳಿಯ ಮೇಲೆ ಬರೆಯುತ್ತಿದ್ದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, "ಹದಿನಾಲ್ಕರ ಮಗ್ಗಿ ಹೇಳ್ರಿ, ನಾ ಈಗ ಬಂದೆ" ಎಂದು ಹೇಳಿ ಹಿಂದಿನ ಬಾಗಿಲಿನಿಂದ ಹೊರಬಿದ್ದೆ.

ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಶಾಲೆಯ ಗೋಡೆಗೆ ಗೋಡೆ ಹಚ್ಚಿ ಒಂದು ಕಲ್ಲಿನ ಮನೆ. ಅಲ್ಲಿ ಒಬ್ಬ ಮುಸಲ್ಮಾನ ಮುದುಕಿ ಇದ್ದರು. ಹಿಂದೂ ಮುಸಲ್ಮಾನ ಎನ್ನದೆ ಊರಿಗೆ ಊರೇ ಅವರನ್ನು ನಾನಿ ಎಂದು ಕರೆಯುತ್ತಿತ್ತು. ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು, ಚರಗಿಯಲ್ಲಿ ನೀರು ತುಂಬಿ ನನ್ನ ಕೈಗೆ ಕೊಟ್ಟು, ಅಂಗಳದ ಮೂಲೆಗೆ ಬೆರಳು ತೋರಿಸಿದರು. ಅವರ ಅತ್ತೆಯ ಕಾಲದಲ್ಲಿ ಮನೆಯ ಹೆಂಗಸರು ಹೊರಗೆ ಬರುತ್ತಿರಲಿಲ್ಲವಂತೆ. ಅದಕ್ಕಾಗಿ ಕಟ್ಟಿಸಿದ ಕಲ್ಲಿನ ಪಾಯಖಾನೆ ಅಲ್ಲಿತ್ತು, ತಗಡಿನ ಬಾಗಿಲು, ಒಳಗೆ ಒಂದು ಬುಟ್ಟಿ ಬೂದಿ. ಐದು ತಿಂಗಳು ನಾನು ಆ ಗೋಡೆಯ ಈಚೆ ನಿಂತು ಒದ್ದಾಡಿದ್ದೆ.

ಹೊರಬಂದು ಚರಗಿಯನ್ನು ನಾನಿಯ ಕೈಗೆ ಕೊಟ್ಟೆ.

"ಕುಂದ್ರ ಬೇಟಿ. ಮಾರಿ ಯಾಕ ಹಿಂಗ ಬಿಳಚೈತಿ?"

"ಕುಂದ್ರಾಕ ಹೊತ್ತಿಲ್ಲ ನಾನಿ. ಸಾಹೇಬರು ಬಂದಾರ. ಹುಡುಗ್ಯಾರನ್ನ ಬಿಟ್ಟ ಬಂದೇನಿ. ನನ್ನ ನೌಕರಿ ಹೋಗತೈತಿ."

"ಯಾಕ, ಸಾಹೇಬಗ ಹೊಟ್ಟಿ ಇಲ್ಲೇನು?" ಎಂದರು ನಾನಿ.

ನಾನು ಓಡಿದೆ. ಕೋಣೆಯಿಂದ ಇಪ್ಪತ್ತಾರು ಕೊರಳುಗಳು ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದವು. ಕಿಟಕಿಯಲ್ಲಿ ಇಣುಕಿದರೆ ಸಾಹೇಬರು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಾರೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೋಲಿನಿಂದ ತಾಳ ಹಾಕುತ್ತಿದ್ದಾಳೆ. ನಾನು ಒಳಗೆ ಬಂದು ತಪ್ಪೊಪ್ಪಿಗೆಗೆ ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಸಾಹೇಬರೇ ಮಾತಾಡಿದರು.

"ಬರ್ರಿ ಅಕ್ಕೋರ. ಛಲೋ ಪದ್ಧತಿ ಇಟ್ಟೀರಿ. ಇದನ್ನ ಬ್ಯಾರೆ ಸಾಲ್ಯಾಗೂ ಹೇಳ್ತೇನಿ."

ನನಗೆ ಏನೂ ತಿಳಿಯಲಿಲ್ಲ. ಹೆಡ್ ಮಾಸ್ತರರು ಮೀಸೆಯೊಳಗೇ ನಗುತ್ತಿದ್ದರು. ಸಾಹೇಬರು ಹೋದ ಮೇಲೆ ಅವರಿಂದ ಗೊತ್ತಾಯಿತು. ಅಕ್ಕೋರು ಎಲ್ಲಿ ಎಂದು ಸಾಹೇಬರು ಕೇಳಿದ್ದಕ್ಕೆ ಆ ಕೋಲಿನ ಹುಡುಗಿ, "ನಾವ ನಾವ ಇದ್ದಾಗ ಓದ್ತೇವೋ ಇಲ್ಲೋ ನೋಡಾಕ ಹೊರಗ ನಿಂತಾರ್ರಿ" ಎಂದಳಂತೆ. ಶಾಲೆ ಬಿಟ್ಟ ಮೇಲೆ ಆಕೆ ನನ್ನ ಹತ್ತಿರ ಬಂದು, "ಅಕ್ಕೋರ, ನಾ ಸುಳ್ಳ ಹೇಳೇನ್ರಿ. ತಪ್ಪಾತೇನ್ರಿ?" ಎಂದು ಕೇಳಿದಳು. ಒಂದು ಸಲಕ್ಕೆ ನಡೆಯುತ್ತದೆ ಎಂದೆ. ನಾನು ಆಗ ಕೊಡಬಹುದಾಗಿದ್ದ ಉತ್ತರ ಅದೊಂದೇ.

ಸಂಜೆ ಬಸ್ಸಿಗೆ ಮೊದಲು ನಾನಿಯ ಮನೆಗೆ ಹೋದೆ. ಅವರು ಏನೂ ಕೇಳದೆ, "ನಾಳಿಂದ ನಮ್ಮ ಅಂಗಳದ ಬಾಗಲಾ ತೆರದ ಇರ್ತೈತಿ. ಕೇಳಾಕ ನಿಲ್ಲಬ್ಯಾಡ, ಬಾ, ಹೋಗು" ಎಂದರು.

ಮರುದಿನದಿಂದ ನಡೆದದ್ದು ನನ್ನನ್ನು ಚಕಿತಗೊಳಿಸಿತು. ಮೊದಲ ವಾರ ಎರಡು ಸಲ ಹೋದೆ. ಎರಡನೆಯ ವಾರ ಒಂದೇ ಸಲ. ಮೂರನೆಯ ವಾರ ಹೋಗಲೇ ಇಲ್ಲ, ಮಾತಾಡಿಸಲು ಮಾತ್ರ ಹೋದೆ. ಔಷಧಿ ಇಲ್ಲ, ಪಥ್ಯ ಇಲ್ಲ. ಹೋಗಲು ಜಾಗ ಇದೆ ಎಂದು ಗೊತ್ತಾದ ಮಾತ್ರಕ್ಕೆ ಹೊಟ್ಟೆ ಹೋಗಬೇಕೆನ್ನುವುದನ್ನು ಬಿಟ್ಟಿತ್ತು. ಖುಷಿಯಾಗಬೇಕಿತ್ತು, ಬದಲಿಗೆ ಅವಮಾನವಾಯಿತು. ಹಾಗಾದರೆ ಇಷ್ಟು ದಿನ ನಾನು ನಟಿಸುತ್ತಿದ್ದೆನೇ? ಅವ್ವನಿಗೆ ಹೇಳಿದೆ. ಆಕೆ ಉಳ್ಳಾಗಡ್ಡಿ ಹೆಚ್ಚುತ್ತ, "ನೋಡಿದ್ಯಾ, ಎಲ್ಲಾ ನಿನ್ನ ಮನಸಿಂದು" ಎಂದಳು. ಪ್ರೀತಿಯಿಂದಲೇ ಹೇಳಿದಳು, ಆದರೂ ನನಗೆ ಅಳು ಬಂತು. ಮತ್ತೆ ಬೆಳಗಿನ ನುಲಿತವಂತೂ ಮನೆಯಲ್ಲಿ ಪೂರ್ತಿ ಹೋಗಿರಲಿಲ್ಲ.

ನಾನಿಗೂ ಹೇಳಿದೆ. "ಬಾಗಲಾ ನಂದು ಬೇಟಿ, ಔಷಧ ನಂದಲ್ಲ" ಎಂದರು. ಅವರ ಸೊಸೆಯ ಹೆರಿಗೆ ಮಾಡಿಸಿದ ಡಾಕ್ಟರ್ ಬಾಯಿ ಒಬ್ಬರು ವಿಜಾಪುರದಲ್ಲಿದ್ದರು. ನಮ್ಮ ಮನೆಯಿಂದ ಟಾಂಗಾದಲ್ಲಿ ಹತ್ತು ನಿಮಿಷದ ಹಾದಿ. ಒಂದು ಶನಿವಾರ ಮಧ್ಯಾಹ್ನ ಅಪ್ಪನ ಜೊತೆ ಹೋದೆ.

ಡಾಕ್ಟರ್ ಬಾಯಿ ಐವತ್ತರ ಆಸುಪಾಸಿನವರು, ದಪ್ಪ ಕನ್ನಡಕ, ನಿಧಾನದ ಮಾತು. ನನ್ನನ್ನು ಮಲಗಿಸಿ ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿದರು, ತೂಕ ನೋಡಿದರು. ಮೇಲಿಂದ ಮೇಲೆ ಪ್ರಶ್ನೆ ಕೇಳಿದರು.

"ರಕ್ತ ಬೀಳತೈತೇನು?"

"ಇಲ್ರಿ."

"ಜ್ವರಾ? ಅರಿವಿ ಸಡ್ಲ ಆಗ್ಯಾವೇನು?"

"ಇಲ್ರಿ" ಎಂದು ಅಪ್ಪ ಉತ್ತರ ಕೊಟ್ಟ. "ಆಕಿ ಜಂಪರ್ ನಾನ ಹೊಲೀತೇನ್ರಿ. ಅಳತಿ ಅಷ್ಟ ಐತಿ."

"ನಿದ್ದಿ ಹತ್ತಿದ ಮ್ಯಾಲ ಈ ನೋವು ಎಬ್ಬಿಸತೈತೇನು?"

ಅದು ಎಂದೂ ಆಗಿರಲಿಲ್ಲ. ಅವರು ಮಲ ಪರೀಕ್ಷೆಗೆ ಬರೆದುಕೊಟ್ಟರು. ಮುಂದಿನ ಶನಿವಾರ ಫಲಿತಾಂಶ ಹಿಡಿದು ಮತ್ತೆ ಹೋದೆವು. ಹುಳ ಇರಲಿಲ್ಲ, ಆಮಶಂಕೆ ಇರಲಿಲ್ಲ.

"ಅಂದ್ರ ನನಗೇನೂ ಆಗಿಲ್ಲೇನ್ರಿ? ಇದೆಲ್ಲಾ ಸುಳ್ಳೇನ್ರಿ?"

ಡಾಕ್ಟರ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆದರಿದಾಗ ನಿನ್ನ ಅಂಗೈ ಬೆವರತೈತಿಲ್ಲ?"

"ಹೌದ್ರಿ."

"ಆ ಬೆವರು ಸುಳ್ಳೇನು? ಕೈಯಾಗ ಗಾಯ ಇಲ್ಲ, ಹುಣ್ಣಿಲ್ಲ, ಆದ್ರ ಬೆವರು ಖರೇನ ಐತಿ. ನಿನ್ನ ಕರಳು ಹಂಗ. ಕೆಟ್ಟಿಲ್ಲ, ಕೊಳೆತಿಲ್ಲ. ಉಳದವರ ಕರಳಿಗೆ ಗೊತ್ತ ಆಗದ ಸಣ್ಣ ಗಾಳಿ, ಸಣ್ಣ ಅಂಜಿಕಿ, ನಿನ್ನ ಕರಳಿಗೆ ದೊಡ್ಡದಾಗಿ ಕೇಳತೈತಿ. ತಲೀಗೂ ಹೊಟ್ಟಿಗೂ ನಡುವ ತಂತಿ ಅದಾವ. ಎರಡೂ ಕಡಿಂದ ಸುದ್ದಿ ಹೋಗತೈತಿ, ಬರತೈತಿ. ಇದಕ್ಕ ಇರಿಟೇಬಲ್ ಬಾವೆಲ್ ಅಂತಾರ. ಸಿಡುಕಿನ ಕರಳು ಅಂತ ತಿಳಕೋ. ಇದು ರೋಗನ. ನೀ ನಾಟಕ ಮಾಡಾಕತ್ತಿಲ್ಲ."

ಇಷ್ಟು ತಿಂಗಳಲ್ಲಿ ಹಾಗೆ ಹೇಳಿದ ಮೊದಲ ವ್ಯಕ್ತಿ ಅವರು. ಅಪ್ಪ ಕುರ್ಚಿಯ ತುದಿಗೆ ಸರಿದು ಗಂಟಲು ಸರಿಮಾಡಿಕೊಂಡ.

"ಡಾಕ್ಟರ್ ಬಾಯಾರ, ಇದರ ಅರ್ಥ ಹಿಂಗೇನ್ರಿ? ಅರಿವಿ ಹರದಿಲ್ಲ, ಸೂಜಿ ಮುರದಿಲ್ಲ. ಮಶೀನಿನ ದಾರ ಬಿಗಿ ಆಗೇತಿ."

"ಅಗದೀ ಹಂಗ."

"ಮತ್ತ..." ಅಪ್ಪ ಒಮ್ಮೆ ನನ್ನ ಕಡೆ, ಒಮ್ಮೆ ಬಾಗಿಲ ಕಡೆ ನೋಡಿದ. "ಲಗ್ನದ ಸೀಜನ್ ಬಂತಂದ್ರ ನನಗೂ ಹಿಂಗ ಆಗತೈತ್ರಿ. ಮದಿಮಗನ ಕೋಟು ಕತ್ತರಸೂ ದಿನ ಮುಂಜಾನಿ ನಾಕ ಸಲ. ಮೂವತ್ತ ವರ್ಷ ಆತ್ರಿ. ಯಾರಿಗೂ ಹೇಳಿಲ್ಲ."

ನಾನು ಅಪ್ಪನನ್ನೇ ನೋಡಿದೆ. ಲಗ್ನದ ತಿಂಗಳುಗಳಲ್ಲಿ ಆತ ವಾಡೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದುದನ್ನು ನಾವೆಲ್ಲ ದುಡಿಮೆಯ ಹುಮ್ಮಸ್ಸು ಎಂದುಕೊಂಡಿದ್ದೆವು. ಅವ್ವ ಅದನ್ನೇ ತೋರಿಸಿ ಅಕ್ಕನಿಗೂ ನನಗೂ ಬುದ್ಧಿ ಹೇಳುತ್ತಿದ್ದಳು. ಡಾಕ್ಟರ್ ಬಾಯಿ ನಕ್ಕರು. ಕೆಲವು ಮನೆತನಗಳಲ್ಲಿ ಹೀಗೆ ಬರುವುದುಂಟು, ಒಬ್ಬರನ್ನು ನೋಡಲು ಬಂದರೆ ಇಬ್ಬರು ಸಿಗುತ್ತಾರೆ ಎಂದರು.

ಔಷಧ ಹೆಚ್ಚಿಗೆ ಕೊಡಲಿಲ್ಲ. ಮಲಗುವ ಮೊದಲು ನೀರಿನಲ್ಲಿ ಇಸಬಗೋಲಿನ ಹೊಟ್ಟು. ಹೊಟ್ಟೆ ಬಹಳ ನುಲಿದ ದಿನಕ್ಕೆ ಒಂದು ಗುಳಿಗೆ. ನಾನು ದಿನವೆಲ್ಲ ಉಪವಾಸ ಇರುತ್ತೇನೆ, ನೀರು ಕುಡಿಯುವುದಿಲ್ಲ ಎಂದದ್ದಕ್ಕೆ ಮಾತ್ರ ಸಿಟ್ಟಾದರು. ಖಾಲಿ ಹೊಟ್ಟೆಗೆ ಚಹಾ ಸುರಿದು ಸಂಜೆ ಒಮ್ಮೆಲೇ ಎರಡು ಹೊತ್ತಿನ ಊಟ ತುಂಬಿದರೆ ಯಾವ ಕರುಳು ಸುಮ್ಮನಿರುತ್ತದೆ ಎಂದು ಬೈದರು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಬೇಕು. ಯಾವ ಪದಾರ್ಥ ಆಗುವುದಿಲ್ಲ ಎಂದು ಅವರು ಪಟ್ಟಿ ಕೊಡಲಿಲ್ಲ. "ನಿನ್ನ ಹೊಟ್ಟೀನ ಹೇಳತೈತಿ. ಒಂದೊಂದ ಬಿಟ್ಟ ನೋಡು, ಎಲ್ಲಾ ಒಮ್ಮೆ ಬಿಡಬ್ಯಾಡ" ಎಂದರು. ರಕ್ತ ಕಂಡರೆ, ತೂಕ ಇಳಿದರೆ ಮಾತ್ರ ಅದು ಸಿಡುಕು ಎಂದು ಸುಮ್ಮನಿರದೆ ಓಡಿ ಬರಬೇಕು ಎಂದು ಎರಡು ಸಲ ಹೇಳಿದರು.

ಟಾಂಗಾದಲ್ಲಿ ಕೂತ ಮೇಲೆ ಅಪ್ಪನಿಗೂ ನನಗೂ ನಗು ತಡೆಯಲಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದು, ನಗುವುದು. ಟಾಂಗಾದವನು ಎರಡು ಸಲ ತಿರುಗಿ ನೋಡಿದ.

"ನಿಮ್ಮವ್ವಗ ಹೇಳಬ್ಯಾಡ" ಎಂದ ಅಪ್ಪ. "ಮೂವತ್ತ ವರ್ಷದ ಮರ್ಯಾದಿ ಐತಿ."

ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ತಾನೇ ಹೇಳಿಬಿಟ್ಟ. ಅವ್ವ ನನ್ನ ಪಕ್ಕಕ್ಕೆ ಬಂದು ಕೂತು ತಲೆ ಸವರಿದಳು. "ಮನಸಿಂದು ಅಂದಿದ್ದೆ, ಕೆಟ್ಟ ಅನಸ್ತೇನು?" ಎಂದು ಕೇಳಿದಳು. ಅನ್ನಿಸಿತ್ತು ಎಂದೆ. ಆಕೆ ಎದ್ದು ಹೋಗಿ ಆರು ತಿಂಗಳಿನಿಂದ ಮುಚ್ಚಿಟ್ಟಿದ್ದ ಕೆಂಪು ಚಟ್ನಿಯ ಭರಣಿ ತಂದು ನನ್ನ ತಾಟಿನ ಪಕ್ಕ ಇಟ್ಟಳು.

ಆಮೇಲಿನ ಎರಡು ತಿಂಗಳು ನಾನೂ ಅಪ್ಪನೂ ಸೇರಿ ಶೋಧ ನಡೆಸಿದೆವು. ಒಂದು ವಾರ ಹಾಲು ಬಿಟ್ಟು ನೋಡಿದೆವು, ಏನೂ ವ್ಯತ್ಯಾಸವಿಲ್ಲ. ಒಂದು ವಾರ ಶೇಂಗಾ ಬಿಟ್ಟೆವು, ಅದೂ ಇಲ್ಲ. ಖಾರಕ್ಕೂ ನನ್ನ ಹೊಟ್ಟೆಗೂ ಜಗಳವೇ ಇರಲಿಲ್ಲ. ಉಳ್ಳಾಗಡ್ಡಿ ಬಿಟ್ಟ ವಾರ ಮಾತ್ರ ಇಬ್ಬರಿಗೂ ಹೊಟ್ಟೆ ಹಗುರ. ತಂಪಿಗೆಂದು ಅವ್ವ ದಿನಾ ತಿನ್ನಿಸಿದ್ದು ಅದನ್ನೇ. ಅವ್ವ ಒಪ್ಪಲಿಲ್ಲ. ಮೂರು ದಿನ ಹೇಳದೆ ಪಲ್ಯದಲ್ಲಿ ಅರೆದು ಹಾಕಿ ಪರೀಕ್ಷೆ ಮಾಡಿದಳು. ಅಪ್ಪನೂ ನಾನೂ ಬೆಳಗ್ಗೆ ಪಾಯಖಾನೆಯ ಮುಂದೆ ಚರಗಿ ಹಿಡಿದು ಪಾಳಿಯಲ್ಲಿ ನಿಂತದ್ದನ್ನು ಕಂಡ ಮೇಲೆ ನಂಬಿದಳು.

ಆ ಚಳಿಗಾಲದಲ್ಲಿ ತಿಕೋಟಾದಲ್ಲಿ ಅಕ್ಕನ ಮಗುವಿನ ತೊಟ್ಟಿಲ ಕಾರ್ಯ ಬಂತು. ಇಂಥ ಕಾರ್ಯಗಳನ್ನು ನಾನು ನೌಕರಿ ಸೇರಿದಾಗಿನಿಂದ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿದ್ದೆ. ಈ ಸಲ ಹೋಗಲೇಬೇಕು ಎಂದು ಹೊರಟೆ. ಬಸ್ಸು ತೊರವಿ ದಾಟಿದಾಗ ಹೊಟ್ಟೆ ಗುರ್ ಎಂದಿತು, ಮತ್ತೆ ಸುಮ್ಮನಾಯಿತು. ಅಪ್ಪ ಕಣ್ಣಲ್ಲೇ ಕೇಳಿದ, ನಾನು ಕಣ್ಣಲ್ಲೇ ಪರವಾಗಿಲ್ಲ ಎಂದೆ.

ಅಕ್ಕನ ಮನೆಯಲ್ಲಿ ಪಡಸಾಲೆ ತುಂಬ ಹೆಂಗಸರು. ಹೂರಣ ಅರೆಯುವವರು, ತೊಟ್ಟಿಲಿಗೆ ಹೂ ಕಟ್ಟುವವರು. ನನ್ನನ್ನು ನಡುವೆ ಕೂರಿಸಿ ನೌಕರಿಯ ಬಗ್ಗೆ, ಮದುವೆಯ ಬಗ್ಗೆ ಕೇಳತೊಡಗಿದರು. ಮದುವೆಯ ಮಾತಿಗೆ ಕರುಳು ಎದ್ದು ಕೂತಿತು. ನುಲಿತ, ಬೆವರು. ಹಿಂದಿನ ನಾನಾಗಿದ್ದರೆ ತಲೆನೋವೆಂದು ಸುಳ್ಳು ಹೇಳಿ ಒಳಗೆ ಮಲಗಿ ಹಲ್ಲು ಕಚ್ಚಿ ಸಂಜೆ ಕಾಯುತ್ತಿದ್ದೆ. ಅಂದು ಅಕ್ಕನ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ, "ಅತ್ತೀ, ನಾ ಈಗ ಬೈಲಕಡಿ ಹೋಗಬೇಕ್ರಿ. ನನ್ನ ಕರಳು ಸ್ವಲ್ಪ ಸಿಡುಕಿನದು, ತಡಿಯಂಗಿಲ್ಲ" ಎಂದೆ.

"ಅದಕ್ಯಾಕ ಇಷ್ಟ ಸಣ್ಣ ದನಿ?" ಎಂದು ಅವರು ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿ ಎದ್ದರು. "ಜ್ವಾಳಾ ಆಳೆತ್ತರ ನಿಂತಾವ, ಯಾರ ನೋಡ್ತಾರ? ನಡಿ, ನಾನೂ ಬರ್ತೇನಿ."

"ನಾನೂ ಬರ್ತೇನ್ರಿ" ಎಂದಳು ಹೂರಣ ಅರೆಯುತ್ತಿದ್ದ ಅವರ ಇನ್ನೊಬ್ಬ ಸೊಸೆ, ಕೈ ತೊಳೆಯುತ್ತ. "ಮುಂಜಾನಿಂದ ತಡಕೊಂಡ ಕುಂತೇನಿ."

ಮತ್ತೊಬ್ಬರು ಎದ್ದರು. ಮತ್ತಿಬ್ಬರು. ಮನೆಯಲ್ಲಿದ್ದ ಚರಗಿಗಳು ಸಾಲದೆ ಪಕ್ಕದ ಮನೆಯಿಂದ ತರಿಸಿದರು. ಹಾಡುಹಗಲಲ್ಲಿ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಆರು ಹೆಂಗಸರು ಚರಗಿ ಹಿಡಿದು ಹೊಲದ ಬದುವಿನ ಮೇಲೆ ಸಾಲಾಗಿ ನಡೆದೆವು. ತೆನೆಗಳು ತಲೆಯ ಮೇಲೆ ತೂಗುತ್ತಿದ್ದವು. ನನ್ನ ನೋವು ಅರ್ಧ ದಾರಿಯಲ್ಲೇ ಅರ್ಧ ಆಗಿತ್ತು.

ವಾಪಸು ಬರುವಾಗ ಅಕ್ಕನ ಅತ್ತೆ ತಮ್ಮ ಮದುವೆಯ ಕತೆ ಹೇಳಿದರು. "ಅಕ್ಕಿಕಾಳು ಬೀಳೂಕಿಂತ ಮೊದಲ ಮೂರ ಸಲ ಹೋಗಿದ್ದೆ. ನಿಮ್ಮ ಮಾವ, ಹುಡುಗಿ ಓಡಿ ಹೋದ್ಲು ಅಂತ ತಿಳಕೊಂಡು ಬಾಸಿಂಗ ಬಿಚ್ಚಿ ಕುಂತಿದ್ದಾ." ಸೊಸೆಯಂದಿರು ಬದುವಿನ ಮೇಲೇ ಕೂತು ನಕ್ಕರು. ಇನ್ನೊಬ್ಬಳು ಗಂಡ ಊರಿಂದ ಬರುವ ದಿನ ತನಗೂ ಹಾಗಾಗುತ್ತದೆ ಎಂದಳು. ಮತ್ತೊಬ್ಬಳು ತನಗೆ ಉಲ್ಟಾ, ತವರಿಗೆ ಹೋದರೆ ನಾಲ್ಕು ದಿನ ಏನೂ ಇಲ್ಲ ಎಂದಳು. ನಾನು ಡಾಕ್ಟರ್ ಬಾಯಿ ಹೇಳಿದ್ದನ್ನು ಹೇಳಿದೆ. ಅಂಗೈಯ ಬೆವರಿನ ಮಾತು ಅವರಿಗೆ ಬಹಳ ಹಿಡಿಸಿತು. ಉಪವಾಸ ಇರಬಾರದು, ನೀರು ಬಿಡಬಾರದು ಎಂದೆ. ಇಸಬಗೋಲು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಇಬ್ಬರು ಕೇಳಿದರು. ರಕ್ತದ ಮಾತನ್ನೂ ಡಾಕ್ಟರ್ ಬಾಯಿಯಂತೆಯೇ ಎರಡು ಸಲ ಹೇಳಿದೆ. ಆ ಬದುವಿನ ಮೇಲೆ ನಾನು ಕಲಿಸಿದ ಪಾಠವನ್ನು ನನ್ನ ನೌಕರಿಯಲ್ಲಿ ಯಾವ ತರಗತಿಯೂ ಅಷ್ಟು ಗಮನವಿಟ್ಟು ಕೇಳಲಿಲ್ಲ.

ಆ ಸಿಡುಕು ನನ್ನನ್ನು ಬಿಟ್ಟು ಹೋಗಲಿಲ್ಲ. ವರ್ಗಾವಣೆಯ ಕಾಗದ ಬಂದಾಗ, ನನ್ನ ಮದುವೆಯ ವಾರದಲ್ಲಿ, ಮಕ್ಕಳ ಪರೀಕ್ಷೆಗಳಲ್ಲಿ ಬಂದಿದೆ, ಹೋಗಿದೆ. ಬಂದಾಗ ಬಂತು ಎಂದು ಹತ್ತಿರದವರಿಗೆ ಹೇಳುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಆದರೆ ತಿಕೋಟಾದ ಆ ದಿನ ಮನೆಗೆ ಮರಳಿದಾಗ ಇದೆಲ್ಲ ನನಗೆ ಗೊತ್ತಿರಲಿಲ್ಲ. ಹೊಟ್ಟೆ ಹಗುರವಾಗಿತ್ತು, ಬಿಸಿ ಹೋಳಿಗೆಯ ವಾಸನೆ ಬಾಗಿಲವರೆಗೆ ಬಂದಿತ್ತು. ತೊಟ್ಟಿಲು ತೂಗಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಪಂಕ್ತಿಯಲ್ಲಿ ಕೂತೆವು. ಅಕ್ಕ ತುಪ್ಪ ಹಾಕುತ್ತ ಬಂದಳು. ನಾನು ಮೂರು ಹೋಳಿಗೆ ತಿಂದೆ. ಅಪ್ಪ ಎದುರಿನ ಸಾಲಿನಲ್ಲಿ ಕೂತು ನಾಲ್ಕನೆಯದಕ್ಕೆ ಕೈ ಚಾಚಿದ್ದ.